ಬೆಂಕಿಯಿಂದ ಕೋಟು ಕಾಯುತ್ತದೆ, ಕೋಟಿನಿಂದ ಕಾಯುವವರು ಯಾರು?

ಕಳೆದ ರಂಜಾನ್ ತಿಂಗಳಲ್ಲಿ ನಮ್ಮ ಕಡ್ಡಿರಾಂಪುರದಲ್ಲಿ ಒಂದು ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಇಫ್ತಾರಿಗೆ ಇನ್ನೂ ಅರ್ಧ ಗಂಟೆ ಇತ್ತು. ಪಕ್ಕದಲ್ಲೇ ಕಬ್ಬಿನ ಗದ್ದೆ, ನೆಲದ ತುಂಬ ಒಣಗಿದ ರವದಿ. ಗಾಳಿ ಸ್ವಲ್ಪ ತಿರುಗಿದ್ದರೂ ಹತ್ತಾರು ಎಕರೆ ಹೋಗುತ್ತಿತ್ತು. ಹೊಸಪೇಟೆ ಕಡೆಯಿಂದ ಅಗ್ನಿಶಾಮಕ ವಾಹನ ಬಂತು. ಸಿಬ್ಬಂದಿ ಹೊಗೆಯೊಳಗೆ ನುಗ್ಗಿ, ಬಣವೆಯನ್ನು ಕೆದರಿ ಕೆದರಿ ನೀರು ಹೊಡೆದು ಬೆಂಕಿ ಆರಿಸಿದರು.

ಕೆಲಸ ಮುಗಿದ ಮೇಲೆ ಅವರಲ್ಲೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ತಮ್ಮ ಭಾರದ ಕೋಟನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಅಮ್ಮಿ ಅವರಿಗೆ ನೀರು, ಖರ್ಜೂರ ತಂದುಕೊಟ್ಟರು. ಅಷ್ಟರಲ್ಲಿ ನನ್ನ ತಮ್ಮ ಆ ಕೋಟನ್ನು ಎತ್ತಿ ಮೈಮೇಲೆ ಹಾಕಿಕೊಂಡು, "ಅಕ್ಕಾ, ಫೋಟೋ ತೆಗಿ" ಅಂದ. ನಾನು ಮೊಬೈಲ್ ತೆಗೆಯುವುದರೊಳಗೆ ಒಳಗಿನಿಂದ ಮಾಮು ಕೂಗಿದರು: "ಮೊದಲು ಅದನ್ನ ತೆಗಿ. ಸೋಪು ಹಚ್ಚಿ ಕೈ ತೊಳಕೊಂಡು ಬಾ. ಆಮೇಲೆ ಖರ್ಜೂರ ಮುಟ್ಟು."

ಮಾಮು, ಅಂದರೆ ನನ್ನ ಸೋದರಮಾವ, ಬೇರೆ ಜಿಲ್ಲೆಯೊಂದರ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ಕೋಟು ಎಷ್ಟು ಗೌರವದ್ದು ಎಂದು ಅವರಷ್ಟು ತಿಳಿದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಾಗಿದ್ದರೂ ಅದನ್ನು ಮುಟ್ಟಬೇಡ ಎಂದದ್ದು ಏಕೆ? ಅಂದು ರಾತ್ರಿ ಅವರನ್ನು ಕೇಳಿದೆ. ಅವರು ಹೇಳಿದ್ದು ಸ್ವಲ್ಪ, ಆಮೇಲೆ ನಾನು ಓದಿ ತಿಳಿದದ್ದು ಹೆಚ್ಚು. ಅದನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕೋಟಿನ ಒಳಗೆ ಏನಿದೆ?

ನೋಡುವುದಕ್ಕೆ ಒಂದೇ ದಪ್ಪ ಬಟ್ಟೆ ಎನಿಸಿದರೂ, ಕಟ್ಟಡದ ಬೆಂಕಿಗೆ ಇಳಿಯುವವರ ಕೋಟಿನಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಹೊರಪದರ ನೋಮೆಕ್ಸ್, ಕೆವ್ಲಾರ್‌ನಂಥ ಅರಾಮಿಡ್ ನೂಲಿನದು. ಅದು ಹತ್ತಿಯಂತೆ ಹೊತ್ತಿಕೊಳ್ಳುವುದಿಲ್ಲ, ನೈಲಾನಿನಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಒಳಪದರ ಮೆತ್ತನೆಯದು. ಅದರಲ್ಲಿ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ. ಇವೆರಡರ ನಡುವೆ ತೇವ ತಡೆಯುವ ಒಂದು ತೆಳುವಾದ ಪದರವಿದೆ. ನಮ್ಮ ವಿಷಯ ಮುಖ್ಯವಾಗಿ ಇದರದೇ.

ಬೆಂಕಿಯಲ್ಲಿ ಕೆಲಸ ಮಾಡುವವರ ಬಟ್ಟೆ ಒದ್ದೆಯಾದರೆ ಒಳ್ಳೆಯದಲ್ಲವೇ ಎಂದು ನನಗೂ ಮೊದಲು ಅನಿಸಿತ್ತು. ಹಾಗಲ್ಲ. ಪೈಪಿನ ನೀರು ಕೋಟಿನೊಳಗೆ ಇಳಿದರೆ, ಬೆಂಕಿಯ ಕಾವಿಗೆ ಅದು ಹಬೆಯಾಗಿ ಮೈಯನ್ನು ಬೇಯಿಸಿಬಿಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಹಬೆಯ ಶಕ್ತಿ ಗೊತ್ತಿರುತ್ತದೆ. ಆದ್ದರಿಂದ ಹೊರಗಿನ ನೀರು ಒಳಗೆ ಬರಬಾರದು. ಆದರೆ ಒಳಗಿನ ಬೆವರಿನ ಆವಿ ಹೊರಗೆ ಹೋಗಬೇಕು. ಇಲ್ಲದಿದ್ದರೆ ಮೈಯ ಕಾವು ಏರಿ ಮನುಷ್ಯ ಕುಸಿದುಬೀಳುತ್ತಾನೆ.

ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ವಸ್ತು ಸಿಕ್ಕಿದ್ದು ಟೆಫ್ಲಾನ್‌ನಿಂದ. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ಯುವ ರಸಾಯನಶಾಸ್ತ್ರಜ್ಞ ಒಂದು ಅನಿಲದ ಸಿಲಿಂಡರ್ ತೆರೆದಾಗ ಅನಿಲ ಹೊರಬರಲೇ ಇಲ್ಲ. ಸಿಲಿಂಡರ್ ಕತ್ತರಿಸಿ ನೋಡಿದರೆ ಒಳಗೆ ಬಿಳಿಯ, ನುಣುಪಾದ ಪುಡಿ ಕುಳಿತಿತ್ತು. ಅದೇ ಪಾಲಿಟೆಟ್ರಾಫ್ಲೋರೋಎಥಿಲೀನ್, ಅಂದರೆ ಟೆಫ್ಲಾನ್. 1969ರಲ್ಲಿ ಬಾಬ್ ಗೋರ್ ಎಂಬವರು ಕಾದ ಟೆಫ್ಲಾನ್ ಕಡ್ಡಿಯನ್ನು ರಭಸದಿಂದ ಎಳೆದಾಗ ಅದು ತುಂಡಾಗುವ ಬದಲು ಹಿಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ವಸ್ತುವಾಯಿತು. ಆ ರಂಧ್ರಗಳಲ್ಲಿ ನೀರಿನ ಹನಿ ನುಸುಳಲಾರದು, ನೀರಿನ ಆವಿ ನುಸುಳಬಲ್ಲದು. ಮಳೆಕೋಟಿಗೆ ಬಂದ ಈ ವಸ್ತು ಮುಂದೆ ಅಗ್ನಿಶಾಮಕರ ಕೋಟಿಗೂ ಬಂತು. ಜೊತೆಗೆ, ನೀರು ಮತ್ತು ಎಣ್ಣೆ ಅಂಟದಿರಲಿ ಎಂದು ಹೊರಪದರದ ಬಟ್ಟೆಗೂ ಇದೇ ಕುಟುಂಬದ ರಾಸಾಯನಿಕಗಳ ಲೇಪನ ಕೊಡುತ್ತಾ ಬಂದರು.

ಬಿಡದ ಬಂಧ

ಈ ಕುಟುಂಬದ ಹೆಸರು ಪಿಎಫ್‌ಎಎಸ್. ಇದರಲ್ಲಿ ಸಾವಿರಾರು ರಾಸಾಯನಿಕಗಳಿವೆ. ಎಲ್ಲದರಲ್ಲೂ ಇರುವುದು ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ. ದ್ವಿತೀಯ ಪಿಯುಸಿಯಲ್ಲಿ ಹ್ಯಾಲೋಆಲ್ಕೇನ್ ಪಾಠ ಓದುವಾಗ ಇಂಗಾಲದ ಜೊತೆ ಹ್ಯಾಲೋಜನ್‌ಗಳು ಮಾಡುವ ಬಂಧಗಳನ್ನು ಹೋಲಿಸಿದ್ದು ನೆನಪಿರಬಹುದು. ಅಯೋಡಿನ್‌ನದು ಬೇಗ ಬಿಡುತ್ತದೆ, ಫ್ಲೋರಿನ್‌ನದು ಸುಲಭಕ್ಕೆ ಬಿಡುವುದೇ ಇಲ್ಲ. ಇಂಗಾಲ ಮಾಡುವ ಏಕಬಂಧಗಳಲ್ಲಿ ಇದೇ ಅತ್ಯಂತ ಗಟ್ಟಿ. ಈ ಗಟ್ಟಿತನದಿಂದಲೇ ಕೋಟು ಬಿಸಿಲು, ನೀರು, ಎಣ್ಣೆಗಳನ್ನು ತಾಳಿಕೊಳ್ಳುತ್ತದೆ. ಈ ಗಟ್ಟಿತನದಿಂದಲೇ ಇದು ಮಣ್ಣಿನಲ್ಲೂ ಕೊಳೆಯದೆ, ನೀರಿನಲ್ಲೂ ಕರಗಿ ಮುಗಿಯದೆ ಉಳಿಯುತ್ತದೆ. ಅದಕ್ಕೇ ಇವಕ್ಕೆ ಶಾಶ್ವತ ರಾಸಾಯನಿಕಗಳು ಎಂಬ ಹೆಸರು ಬಂದಿದೆ.

ಮೈಯೊಳಗೂ ಹಾಗೆಯೇ. ಈ ಕುಟುಂಬದ ಪಿಎಫ್‌ಒಎ ಎಂಬ ರಾಸಾಯನಿಕ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಕೆಲವು ವರ್ಷಗಳೇ ಬೇಕು. ಮೂರು ವರ್ಷ ಎಂದಿಟ್ಟುಕೊಂಡು ಅರ್ಧಾಯುವಿನ ಲೆಕ್ಕ ಹಾಕಿ. ಇವತ್ತಿನಿಂದ ಒಂದು ಕಣವೂ ಹೊಸದಾಗಿ ಸೇರದಿದ್ದರೂ, ಒಂಬತ್ತು ವರ್ಷಗಳ ನಂತರ ಎಂಟನೇ ಒಂದು ಭಾಗ ಇನ್ನೂ ರಕ್ತದಲ್ಲೇ ಇರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಸೇರುತ್ತಿದ್ದರೆ? ಹೋಗುವುದಕ್ಕಿಂತ ಬರುವುದೇ ಹೆಚ್ಚಾಗಿ ಕೂಡುತ್ತಾ ಹೋಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಟೆಫ್ಲಾನ್ ದೊಡ್ಡ ಅಣು. ಅದು ಚರ್ಮ ದಾಟಿ ರಕ್ತ ಸೇರುವುದು ಕಷ್ಟ. ಹೆಚ್ಚು ಕಳವಳ ಇರುವುದು ಚಿಕ್ಕ ಅಣುಗಳ ಬಗ್ಗೆ: ತಯಾರಿಕೆಯಲ್ಲಿ ಬಳಸಿ ಉಳಿದುಹೋದವು, ಮತ್ತು ಲೇಪನ ಸವೆದಾಗ ಅದರಿಂದ ಕಳಚಿಕೊಳ್ಳುವವು.

ಒಬ್ಬ ಹೆಂಡತಿ ಕೇಳಿದ ಪ್ರಶ್ನೆ

ಇದು ಬೆಳಕಿಗೆ ಬಂದದ್ದು ದೊಡ್ಡ ಪ್ರಯೋಗಾಲಯದಿಂದಲ್ಲ, ಒಂದು ಮನೆಯಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ಅಗ್ನಿಶಾಮಕ ಪಾಲ್ ಕಾಟರ್ ಅವರಿಗೆ 2014ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರ ಹೆಂಡತಿ ಡಯೇನ್ ಕಾಟರ್ ವಿಜ್ಞಾನಿಯಲ್ಲ. ಆದರೆ ಗಂಡನ ಸವೆದ ಕೋಟನ್ನು ನೋಡಿ, ಇದನ್ನು ಏನೇನು ಹಾಕಿ ಮಾಡಿದ್ದಾರೆ ಎಂದು ಕೇಳತೊಡಗಿದರು. ಸಮಾಧಾನದ ಉತ್ತರ ಸಿಗದಿದ್ದಾಗ ನೋಟರ್ ಡೇಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಗ್ರಹಾಂ ಪೀಸ್ಲಿ ಅವರನ್ನು ಸಂಪರ್ಕಿಸಿದರು. ಬಟ್ಟೆಯಲ್ಲಿ ಫ್ಲೋರಿನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅವರ ಬಳಿ ಇತ್ತು.

ಪೀಸ್ಲಿ ತಂಡ ಬಳಸಿದ ಮತ್ತು ಬಳಸದ ಹಲವಾರು ಕೋಟುಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಹೊರಪದರದಲ್ಲೂ ತೇವ ತಡೆಯುವ ಪದರದಲ್ಲೂ ಫ್ಲೋರಿನ್ ಹೇರಳವಾಗಿತ್ತು. ಅದಕ್ಕಿಂತ ಮುಖ್ಯವಾದದ್ದು, ಈ ರಾಸಾಯನಿಕಗಳು ಲೇಪನವಿಲ್ಲದ ಒಳಪದರಕ್ಕೂ ವಲಸೆ ಬಂದಿದ್ದವು. ಒಳಪದರ ಎಂದರೆ ಮೈಗೆ ತಾಗುವ ಪದರ. ಮುಂದೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2023 ಮತ್ತು 2024ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಉಜ್ಜಾಟ, ಕಾವುಗಳಿಗೆ ಸಿಕ್ಕಿದ ಬಟ್ಟೆಯಲ್ಲಿ ಅಳತೆಗೆ ಸಿಗುವ ಪಿಎಫ್‌ಎಎಸ್ ಹೆಚ್ಚುವುದು ಕಂಡಿತು. ಅಂದರೆ ಕೋಟು ದುಡಿದಷ್ಟೂ ಅದರಿಂದ ಬಿಡುಗಡೆಯಾಗುವುದು ಹೆಚ್ಚು.

ರೋಗಕ್ಕೂ ಇದಕ್ಕೂ ಏನು ಸಂಬಂಧ?

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಾರ್ಖಾನೆಯ ಪಿಎಫ್‌ಒಎ ಕುಡಿಯುವ ನೀರಿಗೆ ಸೇರಿತ್ತು. ನ್ಯಾಯಾಲಯದ ಒಪ್ಪಂದದಂತೆ ಸುಮಾರು 69,000 ಜನರ ರಕ್ತ ಪರೀಕ್ಷೆ, ಆರೋಗ್ಯದ ಮಾಹಿತಿ ಸಂಗ್ರಹಿಸಿ ವಿಜ್ಞಾನಿಗಳ ಸಮಿತಿಯೊಂದು ಅಧ್ಯಯನ ಮಾಡಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ಅಧಿಕ ಕೊಲೆಸ್ಟರಾಲ್, ಕರುಳಿನ ಹುಣ್ಣಿನ ರೋಗ, ಗರ್ಭಿಣಿಯರ ರಕ್ತದೊತ್ತಡ, ಈ ಆರಕ್ಕೂ ಪಿಎಫ್‌ಒಎಗೂ ಸಂಬಂಧ ಇರುವ ಸಂಭವವಿದೆ ಎಂದು 2012ರ ಹೊತ್ತಿಗೆ ಸಮಿತಿ ಹೇಳಿತು. 2023ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಅದೇ ಸಂಸ್ಥೆ 2022ರಲ್ಲಿ ಇನ್ನೊಂದು ತೀರ್ಮಾನ ಕೊಟ್ಟಿತ್ತು. ಅಗ್ನಿಶಾಮಕನಾಗಿ ದುಡಿಯುವುದನ್ನೇ ಅದು ಇದೇ ಮೊದಲ ಗುಂಪಿಗೆ ಸೇರಿಸಿತು. ಎದೆಗೂಡಿನ ಒಳಪೊರೆಗೆ ಬರುವ ಮೆಸೋಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರ್, ಈ ಎರಡಕ್ಕೂ ಸಾಕಷ್ಟು ಪುರಾವೆ ಇದೆ ಎಂದಿತು. ಇಲ್ಲಿ ತಪ್ಪೆಲ್ಲ ಕೋಟಿನ ಮೇಲೆ ಹೊರಿಸುವಂತಿಲ್ಲ. ಹೊಗೆಯಲ್ಲಿ ಬೆಂಜೀನ್ ಇದೆ, ಮಸಿಯಲ್ಲಿ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳಿವೆ, ಹಳೆಯ ಕಟ್ಟಡಗಳಲ್ಲಿ ಕಲ್ನಾರು ಇದೆ, ಸುಡುವ ಪ್ಲಾಸ್ಟಿಕ್ಕಿನ ವಿಷವಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತಾಗ ಕಟ್ಟಡವನ್ನು ತುಂಬಿದ್ದು ಜ್ವಾಲೆಗಿಂತ ಹೆಚ್ಚಾಗಿ ಕೇಬಲ್ ಸುಟ್ಟ ಹೊಗೆ. ಆ ಹೊಗೆಯೇ ಕೋಟಿನ ಮೇಲೆ ಮಸಿಯಾಗಿ ಕೂರುತ್ತದೆ. ಹೀಗೆ ಕೋಟಿಗೆ ವಿಷ ಎರಡು ದಾರಿಯಿಂದ ಬರುತ್ತದೆ. ಒಂದು, ಕಾರ್ಖಾನೆಯಲ್ಲೇ ಬಟ್ಟೆಗೆ ಹಾಕಿದ್ದು. ಇನ್ನೊಂದು, ಪ್ರತಿ ಬೆಂಕಿಯಲ್ಲೂ ಮೇಲೆ ಬಂದು ಕೂತದ್ದು.

ಎರಡೂ ಮೈ ಸೇರಲು ಕತ್ತು, ಕಂಕುಳು, ತೊಡೆಸಂದು ಸುಲಭದ ಜಾಗಗಳು. ಅಲ್ಲಿ ಚರ್ಮ ತೆಳು, ಬೆವರು ಹೆಚ್ಚು. ಮತ್ತೊಂದು ದಾರಿ ಕೈಯಿಂದ ಬಾಯಿಗೆ. ಮಾಮು ಖರ್ಜೂರದ ಮಾತು ಏಕೆ ಎತ್ತಿದರು ಎಂಬುದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ಬಾಗಿಲ ಹಿಂದಿನ ಮೊಳೆ

ಮಾಮು ಹೇಳಿದ ಮಾತುಗಳನ್ನು ಇಲ್ಲಿ ಬರೆಯುತ್ತೇನೆ. "ನಮ್ಮ ಕಾಲದಲ್ಲಿ ಕೋಟು ಎಷ್ಟು ಕಪ್ಪಗಿದ್ದರೆ ಅಷ್ಟು ಮರ್ಯಾದೆ. ಹೊಸ ಹುಡುಗನ ಕೋಟು ಸ್ವಚ್ಛ, ಅನುಭವಸ್ಥನ ಕೋಟು ಮಸಿ. ತೊಳೆದರೆ ನಗುತ್ತಿದ್ದರು. ಡ್ಯೂಟಿ ಮುಗಿಸಿ ಮನೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ನೇತು ಹಾಕುತ್ತಿದ್ದೆ. ವಾಸನೆ ಜಾಸ್ತಿಯಾದರೆ ನಿನ್ನ ಮಾಮಿ ಮಕ್ಕಳ ಬಟ್ಟೆ ಜೊತೆಗೇ ಬಕೆಟ್ಟಿಗೆ ಹಾಕಿ ತೊಳೆಯುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ, ಯಾಕಂದರೆ ಯಾರಿಗೂ ಗೊತ್ತಿರಲಿಲ್ಲ."

ಅವರ ಜೊತೆ ಒಂದೇ ವಾಹನದಲ್ಲಿ ವರ್ಷಗಟ್ಟಲೆ ಓಡಾಡಿದ ಗೆಳೆಯರೊಬ್ಬರು ನಿವೃತ್ತಿಗೆ ಮೊದಲೇ ಮೂತ್ರಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಬೀಡಿ, ಸಿಗರೇಟು ಮುಟ್ಟದ ಮನುಷ್ಯ. ಅದಕ್ಕೆ ಹೊಗೆ ಕಾರಣವೋ, ಕೋಟು ಕಾರಣವೋ, ಬೇರೇನೋ ಎಂದು ಮಾಮು ಹೇಳುವುದಿಲ್ಲ. ಒಬ್ಬ ಮನುಷ್ಯನ ರೋಗಕ್ಕೆ ಇದೇ ಕಾರಣ ಎಂದು ಬೆರಳು ಮಾಡುವುದು ವಿಜ್ಞಾನಕ್ಕೂ ಸಾಧ್ಯವಿಲ್ಲ. ಅದು ಹೇಳುವುದು ಸಾವಿರಾರು ಜನರ ಲೆಕ್ಕದಲ್ಲಿ. ಆದರೆ ಆ ಲೆಕ್ಕದ ಒಂದೊಂದು ಅಂಕಿಯ ಹಿಂದೆ ಇಂಥ ಒಂದು ಮನೆ ಇರುತ್ತದೆ ಎಂಬುದು ನನಗೆ ಆ ರಾತ್ರಿ ತಿಳಿಯಿತು. ಗೆಳೆಯನ ಹೆಸರು ಹೇಳುವಾಗ ಮಾಮು ಬಾಗಿಲ ಕಡೆ ನೋಡುತ್ತಿದ್ದರು.

ಹಾಗಾದರೆ ಕೋಟು ಬೇಡವೇ?

ಬೇಕೇ ಬೇಕು. ಉರಿಯುವ ಕಟ್ಟಡದೊಳಗೆ ಕೋಟಿಲ್ಲದೆ ಹೋದವರು ಉಳಿಯುವುದು ಕಷ್ಟ. ನಾಳೆಯ ರೋಗಕ್ಕೆ ಹೆದರಿ ಇಂದಿನ ಬೆಂಕಿಗೆ ಮೈಯೊಡ್ಡಿ ಎಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಮಾಡಬೇಕಾದದ್ದು ಎರಡು: ಕೋಟನ್ನೇ ಸುರಕ್ಷಿತವಾಗಿ ತಯಾರಿಸುವುದು, ಅಲ್ಲಿಯತನಕ ಇರುವ ಕೋಟನ್ನು ಜಾಣತನದಿಂದ ಬಳಸುವುದು.

ಮೊದಲನೆಯದು ಆರಂಭವಾಗಿದೆ. ಅಮೆರಿಕದಲ್ಲಿ ಬಹುಕಾಲ ಒಂದು ವಿಚಿತ್ರ ತೊಡಕಿತ್ತು. ತೇವ ತಡೆಯುವ ಪದರ 40 ಗಂಟೆ ನೇರಳಾತೀತ ಬೆಳಕನ್ನು ತಾಳಬೇಕು ಎಂಬ ಪರೀಕ್ಷೆ ಅಲ್ಲಿನ ಮಾನಕದಲ್ಲಿತ್ತು. ಆದರೆ ಆ ಪದರ ಇರುವುದು ಕೋಟಿನ ಒಳಗೆ, ಅದಕ್ಕೆ ಬಿಸಿಲು ತಾಗುವುದೇ ಅಪರೂಪ. ಈ ಪರೀಕ್ಷೆಯಿಂದಾಗಿ ಫ್ಲೋರಿನ್ ವಸ್ತುವನ್ನು ಬಿಟ್ಟು ಬೇರೆಯದಕ್ಕೆ ದಾರಿಯೇ ಇಲ್ಲದಂತಾಗಿದೆ ಎಂದು ಅಗ್ನಿಶಾಮಕರ ಸಂಘವೇ ಹೋರಾಡಿತು. 2024ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಒಂದು ಕಾನೂನು ತಂದಿತು. ಅದರಂತೆ 2027ರ ಜನವರಿ 1ರಿಂದ, ಬೇಕೆಂದು ಪಿಎಫ್‌ಎಎಸ್ ಸೇರಿಸಿದ ಕೋಟುಗಳನ್ನು ಅಲ್ಲಿ ಮಾರುವಂತಿಲ್ಲ. ಡಯೇನ್ ಕಾಟರ್ ಪ್ರಶ್ನೆ ಕೇಳಿದ್ದು ಇದೇ ರಾಜ್ಯದಲ್ಲಿ. ಈಗ ಫ್ಲೋರಿನ್ ಇಲ್ಲದ ಲೇಪನಗಳೂ, ಪಾಲಿಯುರೆಥೇನ್‌ನಂಥ ಬೇರೆ ವಸ್ತುಗಳಿಂದ ಮಾಡಿದ ತೇವ ತಡೆ ಪದರಗಳೂ ತಯಾರಾಗುತ್ತಿವೆ. ನಮ್ಮ ದೇಶದಲ್ಲೂ ಅಗ್ನಿಶಾಮಕರ ರಕ್ಷಣಾ ಉಡುಪಿಗೆ ಭಾರತೀಯ ಮಾನಕ ಬ್ಯೂರೊದ ಮಾನಕವಿದೆ. ಕೋಟು ಎಷ್ಟು ಕಾವು ತಡೆಯುತ್ತದೆ ಎಂದು ಕೇಳುವಂತೆಯೇ, ಅದರಲ್ಲಿ ಏನು ಬೆರೆಸಿದ್ದೀರಿ ಎಂದೂ ಖರೀದಿಯ ಹೊತ್ತಿನಲ್ಲಿ ಕೇಳಬೇಕು. ಕೇಳುವವರಿದ್ದರೆ ಮಾತ್ರ ತಯಾರಕರು ಉತ್ತರ ಹುಡುಕುತ್ತಾರೆ.

ಎರಡನೆಯದಕ್ಕೆ ಹೊಸ ಕಾನೂನು ಬೇಕಿಲ್ಲ, ಅಭ್ಯಾಸ ಬದಲಾದರೆ ಸಾಕು:

ಬೆಂಕಿಯ ಕೆಲಸಕ್ಕೆ ಮಾತ್ರ ಕೋಟು ತೊಡುವುದು. ಮೆರವಣಿಗೆ, ಶಾಲೆಯ ಪ್ರದರ್ಶನ, ಫೋಟೋಗಳಿಗೆ ಅದು ಬೇಡ.

ಬೆಂಕಿ ಆರಿದ ಮೇಲೆ ಸ್ಥಳದಲ್ಲೇ ಬ್ರಷ್, ಸೋಪು, ನೀರಿನಿಂದ ಕೋಟಿನ ಮಸಿ ತೆಗೆಯುವುದು. ನೀರು ಹೇಗೂ ವಾಹನದಲ್ಲೇ ಇರುತ್ತದೆ.

ಕೈ, ಮುಖ, ಕತ್ತು ಒರೆಸಿಕೊಂಡ ಮೇಲೆಯೇ ಏನನ್ನಾದರೂ ತಿನ್ನುವುದು, ಕುಡಿಯುವುದು. ಆದಷ್ಟು ಬೇಗ, ಒಂದು ಗಂಟೆಯೊಳಗೆ, ಸ್ನಾನ ಮಾಡುವುದು.

ಕೋಟನ್ನು ಮಲಗುವ, ಉಣ್ಣುವ ಕೋಣೆಯಲ್ಲಿ ಇಡದಿರುವುದು. ಮನೆಗೆ ತಾರದಿರುವುದು. ಮನೆಯ ಬಟ್ಟೆಯ ಜೊತೆ ಒಗೆಯದಿರುವುದು.

ಒಂದು ಒಗೆಯಲು ಹೋದಾಗ ತೊಡಲು ಇನ್ನೊಂದು ಇರುವಂತೆ, ಪ್ರತಿಯೊಬ್ಬರಿಗೂ ಎರಡು ಜೊತೆ ಕೊಡುವುದು.

ಪೆಟ್ರೋಲ್, ಎಣ್ಣೆಯ ಬೆಂಕಿಗೆ ಬಳಸುವ ಒಂದು ಬಗೆಯ ನೊರೆಯಲ್ಲೂ ಇದೇ ಪಿಎಫ್‌ಎಎಸ್ ಇದೆ. ತರಬೇತಿಗಾದರೂ ಫ್ಲೋರಿನ್ ಇಲ್ಲದ ನೊರೆ ಬಳಸಿದರೆ ಸಿಬ್ಬಂದಿಯೂ ಉಳಿಯುತ್ತಾರೆ, ಬಾವಿ ಕೆರೆಗಳೂ ಉಳಿಯುತ್ತವೆ.

ಈಗಾಗಲೇ ಮೈ ಸೇರಿದ್ದನ್ನು ಹೊರಹಾಕಲು ಆಗುತ್ತದೆಯೇ? ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿಯ ಮೇಲೆ ಒಂದು ವರ್ಷ ಅಧ್ಯಯನ ನಡೆಸಿ 2022ರಲ್ಲಿ ಪ್ರಕಟಿಸಿದರು. ನಿಯಮಿತವಾಗಿ ರಕ್ತ ಅಥವಾ ಪ್ಲಾಸ್ಮಾ ಕೊಟ್ಟವರಲ್ಲಿ ಪಿಎಫ್‌ಎಎಸ್ ಪ್ರಮಾಣ ಇಳಿದಿತ್ತು, ಪ್ಲಾಸ್ಮಾ ಕೊಟ್ಟವರಲ್ಲಿ ಇನ್ನೂ ಹೆಚ್ಚು ಇಳಿದಿತ್ತು. ಇದು ರೋಗಕ್ಕೆ ಔಷಧಿಯಲ್ಲ. ಆದರೆ ಮೈಗೆ ಸೇರಿದ್ದು ಸುಮ್ಮನೆ ಹೋಗುವುದಿಲ್ಲ, ಸೇರದಂತೆ ನೋಡಿಕೊಳ್ಳುವುದೇ ಸುಲಭ ಎಂಬುದನ್ನು ಇದು ತೋರಿಸುತ್ತದೆ.

ನಮ್ಮ ಪಾಲಿನದು

ಪ್ರತಿವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. 1944ರ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಗೊಂಡು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ಸಾವು ಎಲ್ಲರ ಕಣ್ಣೆದುರಿಗೆ ಆಯಿತು. ಬೆಂಕಿ ಆರಿ ಇಪ್ಪತ್ತು ವರ್ಷವಾದ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಬರುವ ಸಾವಿಗೆ ಸ್ಮಾರಕವಿಲ್ಲ. ಆದರೆ ಅದೂ ಅದೇ ಕೆಲಸದ್ದು.

ವಿದ್ಯಾರ್ಥಿಗಳಾದ ನಾವು ಏನು ಮಾಡಬಹುದು? ಅಗ್ನಿಶಾಮಕ ಸಿಬ್ಬಂದಿ ಪ್ರಾತ್ಯಕ್ಷಿಕೆಗೆ ನಮ್ಮ ಕಾಲೇಜಿಗೆ ಬಂದಾಗ ಬೆಂಕಿ ನಂದಿಸುವ ಸಾಧನ ಹಿಡಿಯುವುದನ್ನು ಕಲಿಯೋಣ. ಜೊತೆಗೆ ನಿಮ್ಮ ಕೋಟು ಹೇಗೆ ಒಗೆಯುತ್ತೀರಿ, ಎಲ್ಲಿ ಇಡುತ್ತೀರಿ ಎಂದೂ ಕೇಳೋಣ. ಅವರಿಗೆ ಹಾರ ಹಾಕುವ ಮೊದಲು ಒಂದು ಬಕೆಟ್ ನೀರು, ಒಂದು ಸೋಪು ಇಡೋಣ. ನಮ್ಮ ಊರುಗಳಲ್ಲಿ ಬೇಸಿಗೆಗೆ ಮೊದಲು ಬಣವೆಗಳನ್ನು ವಿದ್ಯುತ್ ತಂತಿಯಿಂದ ದೂರ ಒಟ್ಟುವಂತೆ, ರವದಿಗೆ ಬೆಂಕಿ ಇಡದಂತೆ ಮನೆಯವರಿಗೆ ಹೇಳೋಣ. ಬೆಂಕಿಯೇ ಬೀಳದಿದ್ದರೆ ಅಷ್ಟು ಹೊಗೆ ಅವರ ಕೋಟಿನಿಂದ ಕಡಿಮೆಯಾದಂತೆ.

ಅಂದು ಸಂಜೆ ಮಾಮು ತಮ್ಮನನ್ನು ಗದರಿದ್ದನ್ನು ಕೇಳಿ ಕಟ್ಟೆಯ ಮೇಲಿದ್ದ ಸಿಬ್ಬಂದಿಯೂ ತಲೆ ಎತ್ತಿ ನೋಡಿದ್ದರು. ಮಾಮು ಹೊರಗೆ ಬಂದು ಅವರ ಕೈಯಲ್ಲಿದ್ದ ಖರ್ಜೂರವನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡು, ಚೊಂಬಿನಲ್ಲಿ ನೀರು ತಂದು, ಅವರ ಕೈಗೆ ತಾವೇ ಸುರಿದರು. ಇಬ್ಬರೂ ಮಾತಾಡಲಿಲ್ಲ. ಕೈಯಿಂದ ಇಳಿದ ನೀರು ಅಂಗಳದಲ್ಲಿ ಕಪ್ಪಗೆ ಹರಿಯಿತು. ಆಮೇಲೆ ಅಜಾನ್ ಆಯಿತು. ಎಲ್ಲರೂ ಒಟ್ಟಿಗೆ ಖರ್ಜೂರ ತಿಂದೆವು.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಕಡ್ಡಿರಾಂಪುರ